ವಸಡಿನ ರಕ್ತ, ಮಜ್ಜೆಯ ಕೋಶ

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಒಸರಿದರೆ ಉಪ್ಪುನೀರು ಮುಕ್ಕಳಿಸಿ ಮರೆತುಬಿಡುವವರೇ ಬಹಳ. ಆದರೆ ಆ ಉರಿಯೂತದ ಬಾಧೆ ರಕ್ತನಾಳಗಳ ಒಳಪದರಕ್ಕೂ ತಟ್ಟಬಲ್ಲುದು. ಆ ಪದರದ ದುರಸ್ತಿಗೆ ನೆರವಾಗುವಂಥ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ರಕ್ತದಲ್ಲಿ ಸಂಚರಿಸುವ ಸಂಗತಿ 1997ರಲ್ಲಿ ಬೆಳಕಿಗೆ ಬಂದಿತು. ಅಸ್ಥಿಮಜ್ಜೆ ಅವುಗಳ ತವರು. ಮುಂದೆ ಹಾಂಗ್‌ಕಾಂಗ್‌ನ ಸಂಶೋಧಕರು, ವಸಡುರೋಗ ಬಲಿತವರ ರಕ್ತದಲ್ಲಿ ಇಂಥ ಕೋಶಗಳು ಹೆಚ್ಚಿರುವುದನ್ನೂ ಚಿಕಿತ್ಸೆಯ ಬಳಿಕ ಇಳಿದುದನ್ನೂ ಕಂಡರು. ಲೆಕ್ಕದಲ್ಲಿ ಕಾಣುವ ಹೆಚ್ಚಳವೆಲ್ಲ ಲಾಭವಲ್ಲ. ಎಲ್ಲಿಯೋ ಹಾನಿ ನಡೆದಿದೆಯೆಂಬ ಸೂಚನೆ ಇದಾಗಿರಬಹುದು. ವಸಡಿನ ಚಿಕಿತ್ಸೆಯಿಂದ ಹೃದಯಾಘಾತ ತಪ್ಪುವುದೆಂದು ಸಿದ್ಧವಾಗಿಲ್ಲ, ನಿಜ. ಆದರೂ ಮಹಾನಗರದ ನೌಕರನು ವರ್ಷಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಳ್ಳುವಾಗ ಬಾಯನ್ನೇಕೆ ಬಿಡಬೇಕು? ರೋಗ ಬಲಿಯುವ ಮುನ್ನ ಹೋದರೆ, ಹಲ್ಲಿನ ಬುಡದಲ್ಲಿ ಗಟ್ಟಿಗೊಂಡ ಕೊಳೆಯನ್ನು ದಂತವೈದ್ಯರು ಸ್ವಲ್ಪ ಹೊತ್ತಿನಲ್ಲಿಯೇ ತೆಗೆದುಬಿಡುತ್ತಾರೆ.