ನಮ್ಮ ಹಾಲಾದರೆ ವಿಷವೂ ಸಿಹಿಯೇ?



ನಾನು ಸಂಪಾದಕನಲ್ಲ, ಸಾಹಿತಿಯಲ್ಲ. ಪಿಯುಸಿ ಮುಗಿಸಿ ಬೀದರಿನಲ್ಲಿ ಪ್ರಿಂಟಿಂಗ್ ಮಷೀನಿನ ಮುಂದೆ ನಿಂತವನು. ಲಗ್ನಪತ್ರಿಕೆ, ರಶೀದಿ ಪುಸ್ತಕ, ಚುನಾವಣೆ ಬಂದರೆ ಕರಪತ್ರ, ಜೊತೆಗೆ ಒಂದೆರಡು ವಾರಪತ್ರಿಕೆ. ಇದು ನನ್ನ ಹೊಟ್ಟೆಪಾಡು. ಪತ್ರಿಕೆಯಲ್ಲಿ ಏನು ಅಚ್ಚಾಯಿತು ಅನ್ನುವುದು ಓದುವ ನಿಮಗೆ ಗೊತ್ತು. ಏನು ಅಚ್ಚಾಗದೆ ಉಳಿಯಿತು ಅನ್ನುವುದು ಅಚ್ಚು ಹಾಕುವ ನನಗೆ ಗೊತ್ತು. ಅದಕ್ಕೇ ಈ ಬರಹ.

ಕೆಲವು ವರ್ಷಗಳ ಹಿಂದೆ, ದೀಪಾವಳಿಗೆ ಎರಡು ದಿನ ಇರುವಾಗ ಒಂದು ವಾರಪತ್ರಿಕೆಯ ನಾಲ್ಕು ಪುಟ ನನ್ನ ಪ್ರೆಸ್ಸಿಗೆ ಬಂತು. ಮುಖಪುಟದಲ್ಲಿ ಹೊರರಾಜ್ಯದ ಬೀಜದ ಕಂಪೆನಿಯೊಂದರ ಮೇಲೆ ಬೆಂಕಿ ಉಗುಳುವ ವರದಿ. ಮೂರನೇ ಪುಟದಲ್ಲಿ ನಮ್ಮ ಕಡೆಯದೇ ಒಂದು ಕಾರ್ಖಾನೆ ಕಬ್ಬಿನ ರೈತರಿಗೆ ಹಣ ಕೊಡದೆ ಸತಾಯಿಸುತ್ತಿದೆ ಎಂಬ ವರದಿ. ರಾತ್ರಿ ಹತ್ತಕ್ಕೆ ಸಂಪಾದಕರ ಫೋನ್ ಬಂತು.

‘ಮಾಲಕ್ರೆ, ಮೂರನೇ ಪುಟದ ಆ ಸುದ್ದಿ ತೆಗೀರಿ. ಅರ್ಧ ಪುಟ ಜಾಹೀರಾತು ಬಂದದ.’

‘ಯಾರದ್ರಿ?’

‘ಅವ್ರದೇ. ಎಷ್ಟಂದ್ರೂ ನಮ್ಮೋರೇ ಇದ್ದಾರ.’

‘ಮತ್ತ ಮುಖಪುಟದ್ದು?’

‘ಅದು ಇರ್ಲಿ ಬಿಡ್ರಿ. ಹೊರಗಿನೋರು. ಜನ ಖುಷಿಲೆ ಓದ್ತಾರ.’

ನಾನು ಪ್ಲೇಟ್ ಬದಲಿಸಿದೆ. ರೈತರ ಸುದ್ದಿ ಇದ್ದ ಜಾಗದಲ್ಲಿ ಹಣತೆಯ ಚಿತ್ರ, ಶುಭಾಶಯ, ಕೈಮುಗಿದ ಫೋಟೋ ಬಂತು. ನನ್ನ ಕೂಲಿ ನನಗೆ ಸಿಕ್ಕಿತು. ಕೆಲವು ತಿಂಗಳ ನಂತರ ಭಾಲ್ಕಿ ಕಡೆಯ ರೈತರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. 500 ಪ್ರತಿ ಹೇಳಿ ಹೋಗಿದ್ದವರು, ‘150 ಸಾಕಪ್ಪಾ’ ಅಂದರು. ‘ಯಾಕ ಕಾಕಾ?’ ಅಂದೆ. ‘ಕಬ್ಬಿನ ಬಿಲ್ ಬಂದಿಲ್ಲ’ ಅಂದರು. ಅದೇ ಕಾರ್ಖಾನೆ. ನಾನು ಮಾತಾಡಲಿಲ್ಲ. ಆ ಸುದ್ದಿ ಅಚ್ಚಾಗಿದ್ದರೆ ಅವರ ಬಿಲ್ ಬಂದೇಬಿಡುತ್ತಿತ್ತು ಅಂತ ಹೇಳುವುದಿಲ್ಲ. ಆದರೆ ಅವರ ಪರವಾಗಿ ಇದ್ದ ಒಂದೇ ಮಾತನ್ನು ನುಂಗಿದ ಕೈಗಳಲ್ಲಿ ನನ್ನದೂ ಒಂದು.

ಈ ರೋಗ ಬೀದರಿನದು ಮಾತ್ರವಲ್ಲ. ದೊಡ್ಡದಾಗಿ ನೋಡಬೇಕೆಂದರೆ ಚೀನಾಕ್ಕೆ ಹೋಗಿ. ಅಲ್ಲಿಯ ಪತ್ರಿಕೆಗಳಿಗೆ ವಿದೇಶಿ ಕಂಪೆನಿಯ ತಪ್ಪು ಗುಡ್ಡದಷ್ಟು ಕಾಣುತ್ತದೆ, ಸ್ವದೇಶಿ ಕಂಪೆನಿಯ ತಪ್ಪು ಸಾಸಿವೆಯಷ್ಟು. ಒಂದು ಹಾಲಿನ ಕತೆ ಕೇಳಿ.

ಸಾನ್‌ಲೂ ಚೀನಾದ ಹೆಸರಾಂತ ಹಾಲಿನಪುಡಿ ಕಂಪೆನಿ. 2007ರ ಕೊನೆಯಿಂದಲೇ ಅದಕ್ಕೆ ದೂರು ಬರತೊಡಗಿದವು. ಅದರ ಪುಡಿ ಕುಡಿದ ಕೂಸುಗಳ ಮೂತ್ರಪಿಂಡದಲ್ಲಿ ಕಲ್ಲು! ಹಾಲಿಗೆ ನೀರು ಬೆರೆಸಿ, ಪರೀಕ್ಷೆಯಲ್ಲಿ ಪ್ರೊಟೀನ್ ಹೆಚ್ಚು ಕಾಣಲಿ ಅಂತ ಮೆಲಮೈನ್ ಎಂಬ ರಾಸಾಯನಿಕ ಸುರಿದಿದ್ದರು. ಪ್ಲಾಸ್ಟಿಕ್ ತಟ್ಟೆ ಮಾಡುವ ಸಾಮಾನು ಅದು. 2008ರ ಆಗಸ್ಟ್ 8ಕ್ಕೆ ಬೀಜಿಂಗ್ ಒಲಿಂಪಿಕ್ಸ್ ಶುರು. ದೇಶದ ಮಾನದ ಪ್ರಶ್ನೆ! ಕೂಸುಗಳು ಆಸ್ಪತ್ರೆಗೆ ಸೇರುತ್ತಿದ್ದರೂ ಪತ್ರಿಕೆಗಳು ಬರೆದದ್ದು ‘ಒಂದು ಕಂಪೆನಿಯ ಹಾಲಿನಪುಡಿ’ ಅಂತ ಮಾತ್ರ. ಹೆಸರಿಲ್ಲ. ಜುಲೈ ತಿಂಗಳಲ್ಲೇ ತಮಗೆ ಮಾಹಿತಿ ಇತ್ತು, ಪ್ರಕಟಿಸಲಾಗಲಿಲ್ಲ ಅಂತ ಸದರ್ನ್ ವೀಕೆಂಡ್ ಪತ್ರಿಕೆಯ ಸಂಪಾದಕರೊಬ್ಬರು ಆಮೇಲೆ ಬರೆದರು. ಹೆಸರು ಗೊತ್ತಿಲ್ಲದ ತಾಯಂದಿರು ಅದೇ ಪುಡಿ ಕಲೆಸಿ ಕುಡಿಸುತ್ತಲೇ ಇದ್ದರು.

2008ರ ಸೆಪ್ಟೆಂಬರ್ 11ರಂದು ಶಾಂಘೈಯ ಓರಿಯೆಂಟಲ್ ಮಾರ್ನಿಂಗ್ ಪೋಸ್ಟ್ ಪತ್ರಿಕೆಯ ವರದಿಗಾರ ಜಿಯಾನ್ ಗುವಾಂಗ್‌ಝೌ ಕಂಪೆನಿಯ ಹೆಸರು ಹಾಕಿ ಬರೆದ. ಒಂದೇ ಒಂದು ಹೆಸರು, ಅಷ್ಟೇ! ದೇಶವೆಲ್ಲ ಎದ್ದು ಕೂತಿತು. ಕೊನೆಯ ಲೆಕ್ಕ: ಸುಮಾರು 3 ಲಕ್ಷ ಕೂಸುಗಳಿಗೆ ಕಾಯಿಲೆ, 6 ಕೂಸುಗಳ ಸಾವು. ಹೆಸರು ಬರೆದವನಿಗೆ ಏನು ಸಿಕ್ಕಿತು ಅಂತೀರಾ? ಆತ 2012ರಲ್ಲಿ ಬೇಸತ್ತು ಪತ್ರಿಕಾ ವೃತ್ತಿಯನ್ನೇ ಬಿಟ್ಟ. 2017 ಶುರುವಾಗುವ ಹೊತ್ತಿಗೆ ಆ ಪತ್ರಿಕೆಯ ಅಚ್ಚೂ ನಿಂತಿತು.

ಈಗ ಇದೇ ಹಾಲಿನ ಇನ್ನೊಂದು ಮುಖ ನೋಡಿ. 2013ರ ಆಗಸ್ಟಿನಲ್ಲಿ ನ್ಯೂಜಿಲೆಂಡಿನ ಫಾಂಟೆರಾ ಕಂಪೆನಿ, ‘ನಮ್ಮ ಒಂದು ಸರಕಿನಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಇರಬಹುದು’ ಅಂತ ತಾನೇ ಹೇಳಿತು. ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಕ್ಸಿನ್‌ಹುವಾ ನ್ಯೂಜಿಲೆಂಡ್ ದೇಶದ ಪ್ರವಾಸೋದ್ಯಮ ಘೋಷಣೆಯನ್ನೂ ಬಿಡದೆ ಹೀಯಾಳಿಸಿತು. ತಿಂಗಳ ಕೊನೆಗೆ ಪರೀಕ್ಷೆಯ ಫಲಿತಾಂಶ ಬಂತು: ಅಪಾಯವೇ ಇರಲಿಲ್ಲ. ಸ್ವದೇಶಿ ವಿಷಕ್ಕೆ ತಿಂಗಳುಗಟ್ಟಲೆ ಮೌನ, ವಿದೇಶಿ ಅನುಮಾನಕ್ಕೆ ಮೊದಲ ದಿನದಿಂದಲೇ ತಮಟೆ!

ಅದೇ ವರ್ಷ ಮಾರ್ಚ್ 15ರಂದು, ಅಂದರೆ ಗ್ರಾಹಕರ ದಿನದಂದು, ಚೀನಾದ ಸರ್ಕಾರಿ ಟಿವಿ ಆ್ಯಪಲ್ ಕಂಪೆನಿಯ ದುರಸ್ತಿ ಸೇವೆಯ ಮೇಲೆ ಕಾರ್ಯಕ್ರಮ ಮಾಡಿತು. ನಟ ಪೀಟರ್ ಹೋ ಖಾತೆಯಲ್ಲಿ ಆ್ಯಪಲ್ಲಿಗೆ ಬೈಯುವ ಸಂದೇಶವೂ ಬಂತು. ಅದರ ಕೊನೆಯಲ್ಲಿ ಒಂದು ಸಾಲು: ‘ಸುಮಾರು 8.20ಕ್ಕೆ ಹಾಕಬೇಕು.’ ಯಾರೋ ಬರೆದುಕೊಟ್ಟದ್ದನ್ನು ಸೂಚನೆಯ ಸಮೇತ ಅಂಟಿಸಿದಂತಿತ್ತು. ಊರೆಲ್ಲ ನಕ್ಕಿತು. ಖಾತೆಗೆ ಯಾರೋ ಕನ್ನ ಹಾಕಿದ್ದರು ಅಂತ ನಟ ಸಮಜಾಯಿಷಿ ಕೊಟ್ಟ. ಆದರೂ ಪೀಪಲ್ಸ್ ಡೈಲಿ ದಿನವೂ ಚಚ್ಚಿತು, ಏಪ್ರಿಲ್ 1ಕ್ಕೆ ಆ್ಯಪಲ್ ಮುಖ್ಯಸ್ಥ ಟಿಮ್ ಕುಕ್ ಕ್ಷಮೆ ಕೇಳಿದ. ನ್ಯಾಯವಾಗಿ ಹೇಳಬೇಕೆಂದರೆ ಆ ವಾರ್ಷಿಕ ಕಾರ್ಯಕ್ರಮ ಚೀನಾದ ಕಂಪೆನಿಗಳನ್ನೂ ಹಿಡಿದಿದೆ, ಆ್ಯಪಲ್ ಏನು ಸಾಧುವೂ ಅಲ್ಲ. ನನ್ನ ತಕರಾರು ತಪ್ಪು ತೋರಿಸಿದ್ದರ ಮೇಲಲ್ಲ. ತಕ್ಕಡಿಯ ಮೇಲೆ.

‘ಅದು ಚೀನಾ ಸ್ವಾಮಿ, ಅಲ್ಲಿ ಪತ್ರಿಕೆಯೇ ಸರ್ಕಾರದ್ದು. ನಮ್ಮದು ಪ್ರಜಾಪ್ರಭುತ್ವ’ ಅಂತೀರಾ? ಒಪ್ಪಿದೆ. ಅಲ್ಲಿ ಸರ್ಕಾರ ಕಣ್ಣು ಕೆಕ್ಕರಿಸಿದರೆ ಸುದ್ದಿ ಸಾಯುತ್ತದೆ. ಇಲ್ಲಿ ಜಾಹೀರಾತು ಕಣ್ಣು ಹೊಡೆದರೆ ಸಾಯುತ್ತದೆ. 2015ರ ಜೂನಿನಲ್ಲಿ ಮ್ಯಾಗಿಯಲ್ಲಿ ಸೀಸ ಹೆಚ್ಚಿದೆ ಅಂದಾಗ ವಿದೇಶಿ ಕಂಪೆನಿಯ ಮೇಲೆ ನಮ್ಮ ಚಾನೆಲ್ಲುಗಳು ಹಗಲು ರಾತ್ರಿ ಮುಗಿಬಿದ್ದವು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿದ್ದು ನಿಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಅದೇ ‘ಸ್ವದೇಶಿ’ ಅನ್ನುತ್ತಾ ಬಂದ ಪತಂಜಲಿಯ ಔಷಧಿ ಜಾಹೀರಾತುಗಳು ಪತ್ರಿಕೆಗಳ ತುಂಬ ಬರುತ್ತಿದ್ದವು. ಅವು ದಾರಿ ತಪ್ಪಿಸುವ ಜಾಹೀರಾತು ಅಂತ ಕಟ್ಟುನಿಟ್ಟಾಗಿ ಕೇಳಿದ್ದು ಪತ್ರಿಕೆಗಳಲ್ಲ, ವೈದ್ಯರ ಸಂಘದ ಅರ್ಜಿ ಮತ್ತು ಸುಪ್ರೀಂ ಕೋರ್ಟ್. 2024ರ ಏಪ್ರಿಲಿನಲ್ಲಿ 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಹಾಕಿಸಿದ್ದೇವೆ ಅಂತ ಕಂಪೆನಿ ಹೇಳಿದಾಗ ನ್ಯಾಯಮೂರ್ತಿಗಳು ಕೇಳಿದರು: ಇದು ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿದೆಯೇ? ಅಚ್ಚಿನವನಾದ ನನಗೆ ಆ ಪ್ರಶ್ನೆ ಬಹಳ ಹಿಡಿಸಿತು. ಯಾವುದಕ್ಕೆ ಎಷ್ಟು ಜಾಗ ಕೊಟ್ಟಿರಿ ಅನ್ನುವುದರಲ್ಲೇ ಎಲ್ಲ ಇದೆ.

ಈಗ ನಮ್ಮ ಮನೆಗೆ ಬರೋಣ. 2023ರ ಏಪ್ರಿಲ್ 5ರಂದು, ವಿಧಾನಸಭೆ ಚುನಾವಣೆಯ ಹೊಸ್ತಿಲಲ್ಲಿ, ಬೆಂಗಳೂರಿಗೆ ಹಾಲು ಮೊಸರು ತರುತ್ತೇವೆ ಅಂತ ಅಮುಲ್ ಸಾರಿತು. ಅದಕ್ಕೆ ಕೆಲವೇ ದಿನ ಮೊದಲು ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಅಂತ ಹಾಕಿ ಎಂಬ ದೆಹಲಿಯ ಆದೇಶ ಬಂದು, ಗಲಾಟೆಯಾಗಿ ತಿದ್ದುಪಡಿಯಾಗಿತ್ತು. ಕನ್ನಡಿಗರು ನಂದಿನಿಯ ಬೆನ್ನಿಗೆ ನಿಂತರು. ನಾನೂ ನಿಂತೆ. ಕರಪತ್ರ ಅಚ್ಚು ಹಾಕಿಕೊಟ್ಟೆ, ಕಾಗದದ ದುಡ್ಡಷ್ಟೇ ತಗೊಂಡೆ. ಇವತ್ತೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ನಂದಿನಿ ರೈತರು ಕಟ್ಟಿದ ಸಂಸ್ಥೆ, ಅದು ಉಳಿಯಬೇಕು.

ಆದರೆ ಅದೇ 2023ರಲ್ಲಿ ನಂದಿನಿ ಕೇರಳಕ್ಕೆ ಹೋಗಿ ಅಂಗಡಿ ತೆರೆಯಿತು. ಅಲ್ಲಿಯ ಮಿಲ್ಮಾ, ‘ಇದು ಸಹಕಾರ ತತ್ವಕ್ಕೆ ವಿರುದ್ಧ, ನಮ್ಮ ರೈತರ ಹೊಟ್ಟೆಗೆ ಹೊಡೆತ’ ಅಂತ ಕೂಗಿತು. ನಾವು ಅಮುಲ್‌ಗೆ ಹೇಳಿದ ಮಾತನ್ನೇ ಅವರು ನಮಗೆ ಹೇಳಿದರು! ಅಮುಲ್ ಬಂದರೆ ಆಕ್ರಮಣ, ನಂದಿನಿ ಹೋದರೆ ದಿಗ್ವಿಜಯ. ಕಾಸರಗೋಡಿನ ಕನ್ನಡಿಗ ಪಾಪ, ಯಾವ ಪತ್ರಿಕೆ ಓದಿ ಯಾವ ಹಾಲು ಕುಡಿಯಬೇಕು?

ಇನ್ನೊಂದು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ರೈತರಿಗಾಗಿ ಅಂದರು. ಸಂತೋಷ. ಆ 4 ರೂಪಾಯಿಯಲ್ಲಿ ಔರಾದಿನ ಒಂದೆಮ್ಮೆಯ ತಾಯಿಯ ಕೈಗೆ ಎಷ್ಟು ಬಂತು? ಕಲಬುರಗಿ-ಬೀದರ-ಯಾದಗಿರಿ ಒಕ್ಕೂಟಕ್ಕೆ ಹಾಸನ, ಮಂಡ್ಯದಷ್ಟು ಹಾಲು ಯಾಕೆ ಬರುವುದಿಲ್ಲ? ಅಮುಲ್ ವಿರುದ್ಧ ಪುಟಗಟ್ಟಲೆ ಬರೆದವರು ಈ ಪ್ರಶ್ನೆಗೆ ಕಾಲು ಪುಟ ಕೊಡಲಿ. ಇದನ್ನು ಕೇಳಿದರೆ ನಂದಿನಿಗೆ ದ್ರೋಹವಲ್ಲ. ಕೇಳದೆ ಬಿಟ್ಟರೆ ರೈತನಿಗೆ ದ್ರೋಹ.

ಗಡಿಯಲ್ಲಿ ಬದುಕುವ ನಮಗೆ ಒಂದು ಅನುಕೂಲವಿದೆ. ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ಔರಾದಿನ ಹುಡುಗ ಕನ್ನಡ ಪತ್ರಿಕೆಯನ್ನೂ ಓದಬಲ್ಲ, ಮರಾಠಿ ಪತ್ರಿಕೆಯನ್ನೂ ಓದಬಲ್ಲ. 2022ರ ಡಿಸೆಂಬರ್ 27ರಂದು ಮಹಾರಾಷ್ಟ್ರ ವಿಧಾನಮಂಡಲ ಬೀದರ್, ಭಾಲ್ಕಿಯೂ ಸೇರಿ 865 ಹಳ್ಳಿ-ಊರು ತಮ್ಮವೆಂದು ನಿರ್ಣಯ ಮಾಡಿತು. ಭಾಲ್ಕಿ ಕನ್ನಡದ್ದು, ಅದರಲ್ಲಿ ನನಗೆ ಚರ್ಚೆಯೇ ಇಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಅದು. ಆದರೆ ಒಂದೇ ಸಂಗತಿಗೆ ಎರಡು ಪತ್ರಿಕೆ ಎರಡು ಬಣ್ಣ ಬಳಿಯುವುದನ್ನು ಕಣ್ಣಾರೆ ಕಂಡ ಔರಾದಿನ ಹುಡುಗನನ್ನು ಮೋಸ ಮಾಡುವುದು ಕಷ್ಟ. ಬೆಂಗಳೂರಿನಲ್ಲಿ ಒಂದೇ ಮೊಬೈಲ್, ಒಂದೇ ಗುಂಪು, ಒಂದೇ ಸಿಟ್ಟಿನಲ್ಲಿ ಬೆಳೆಯುವ ಹುಡುಗನನ್ನು ಮೋಸ ಮಾಡುವುದು ಸುಲಭ. ತಮ್ಮಾ, ನಿನಗೇ ಹೇಳುತ್ತಿದ್ದೇನೆ.

ಹಾಗಾದರೆ ‘ನಮ್ಮ’ ಕಂಪೆನಿ ಯಾವುದು? ಮಾಲಕರ ಮನೆಮಾತು ಕನ್ನಡವಾದರೆ ಸಾಕೇ? 1986ರ ಸರೋಜಿನಿ ಮಹಿಷಿ ವರದಿ ಕನ್ನಡಿಗರಿಗೆ ಕೆಲಸ ಕೇಳಿತು. 2024ರ ಜುಲೈಯಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಕೊಡುವ ಮಸೂದೆಗೆ ಸಂಪುಟ ಒಪ್ಪಿದಾಗ ಕಂಪೆನಿಗಳ ಸಂಘದವರು ಹುಯಿಲೆಬ್ಬಿಸಿದರು. ಮಸೂದೆ ಮೂಲೆಗೆ ಬಿತ್ತು. ಅವತ್ತು ‘ನಮ್ಮ ಬೆಂಗಳೂರಿನ ಹೆಮ್ಮೆ’ ಅನ್ನಿಸಿಕೊಂಡವರಲ್ಲಿ ನಮ್ಮ ಪರ ಮಾತಾಡಿದವರು ಯಾರು? ನನ್ನ ಲೆಕ್ಕ ಸರಳ. ಕನ್ನಡಿಗನಿಗೆ ಕೆಲಸ ಕೊಟ್ಟು, ಪ್ಯಾಕೆಟ್ ಮೇಲೆ ಕನ್ನಡ ಬರೆದು, ರೈತನ ಹಣ ಸಮಯಕ್ಕೆ ಕೊಡುವುದು ನಮ್ಮ ಕಂಪೆನಿ. ಇವು ಮೂರೂ ಇಲ್ಲದೆ ರಾಜ್ಯೋತ್ಸವಕ್ಕೆ ಮಾತ್ರ ಹಳದಿ ಕೆಂಪು ಜಾಹೀರಾತು ಕೊಡುವುದು ನಮ್ಮದಲ್ಲ, ನಮ್ಮ ಬಾಯಿಗೆ ಹಾಕಿದ ಬೀಗ.

ಕಬ್ಬಿನ ವಿಷಯಕ್ಕೇ ಬನ್ನಿ. 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ: ಕಬ್ಬು ತಲುಪಿದ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಈ ಎರಡು ಸಾಲು ನಮ್ಮ ಜಿಲ್ಲೆಯ ಎಷ್ಟು ರೈತರಿಗೆ ಗೊತ್ತು? ‘ನಮ್ಮವರು’ ಅನ್ನುವ ಕಾರಣಕ್ಕೆ ಬಿಟ್ಟ ಸುದ್ದಿಯ ಜೊತೆ ರೈತನ ಹಕ್ಕೂ ಮುಚ್ಚಿಹೋಯಿತು.

ಸಂಪಾದಕರನ್ನು ಮಾತ್ರ ಬೈದರೆ ಅನ್ಯಾಯವಾದೀತು. ಕಾಗದ, ಪ್ಲೇಟು, ಶಾಯಿ, ಕೂಲಿ ಸೇರಿದರೆ ಒಂದು ಪ್ರತಿಯ ಖರ್ಚು ಅದರ ಬೆಲೆಗಿಂತ ಜಾಸ್ತಿ. ಉಳಿದದ್ದನ್ನು ಜಾಹೀರಾತಿನವನು ತುಂಬುತ್ತಾನೆ. ಓದುಗ ದುಡ್ಡು ಕೊಡದ ಪತ್ರಿಕೆಗೆ ಓದುಗ ಯಜಮಾನನಾಗುವುದಿಲ್ಲ. ನೀವು ಪುಕ್ಕಟೆ ಓದಿ ಸಿಟ್ಟಾಗುತ್ತೀರಿ, ಅವರು ದುಡ್ಡು ಕೊಟ್ಟು ಸುಮ್ಮನಾಗಿಸುತ್ತಾರೆ.

ಅದಕ್ಕೇ ಕೇಳುತ್ತೇನೆ. ಹೊರಗಿನ ಕಂಪೆನಿಯ ಮೇಲೆ ಸುದ್ದಿ ಬಂದರೆ ಹಂಚುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಇದೇ ತಪ್ಪು ನಮ್ಮವರು ಮಾಡಿದ್ದರೆ ಇಷ್ಟೇ ದೊಡ್ಡ ಅಕ್ಷರದಲ್ಲಿ ಬರುತ್ತಿತ್ತೇ? ‘ಒಂದು ಖಾಸಗಿ ಕಂಪೆನಿ’ ಅಂತ ಬರೆದರೆ ಹೆಸರು ಎಲ್ಲಿ ಅಂತ ಕೇಳಿ. ವರ್ಷಕ್ಕೆ ಒಂದು ಕನ್ನಡ ಪತ್ರಿಕೆಗಾದರೂ ಚಂದಾ ಕಟ್ಟಿ. ಈ ಪತ್ರಿಕೆಯೂ ಹೊರತಲ್ಲ. ನಮ್ಮ ಸಂಘಟನೆಗಳ ಕಾರ್ಯಕ್ರಮಕ್ಕೆ ಯಾವ ಕಾರ್ಖಾನೆಯವರು ಶಾಮಿಯಾನ ಹಾಕಿಸಿಕೊಟ್ಟರು, ಅವರ ಮೇಲೆ ನಾವು ಎಷ್ಟು ಬರೆದೆವು ಅಂತಲೂ ಕೇಳಿ.

ನಾನು ಆ ರಾತ್ರಿಯ ನಂತರ ಒಂದು ನಿಯಮ ಮಾಡಿಕೊಂಡಿದ್ದೇನೆ. ಪುಟ ಪ್ರೆಸ್ಸಿಗೆ ಬಂದ ಮೇಲೆ ಜಾಹೀರಾತಿಗಾಗಿ ಸುದ್ದಿ ತೆಗೆಯುವ ಪ್ಲೇಟನ್ನು ನಾನು ಮಾಡುವುದಿಲ್ಲ. ಇದರಿಂದ ಒಂದು ವಾರಪತ್ರಿಕೆಯ ಕೆಲಸ ಕೈಬಿಟ್ಟಿತು. ಪರವಾಗಿಲ್ಲ. ಆ ಕಾಕಾ ಮೊನ್ನೆ ಮೊಮ್ಮಗನ ಜಾವಳದ ಪತ್ರಿಕೆ ಮಾಡಿಸಲು ಬಂದಿದ್ದರು. ಈ ಸಲ ಅವರ ಮುಖ ನೋಡಿ ಮಾತಾಡಲು ನನಗೆ ಆಯಿತು.