ಹಲ್ಲು ಎಣಿಸದೆ ಕೊಂಡ ಕಾರು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಂದು ಜೊತೆ ಎತ್ತು ಕೊಳ್ಳೋಕೆ ನಮ್ಮಪ್ಪ ಎರಡು ದಿನ ತಗೊಳ್ತಿದ್ದರು. ಬಾಯಿ ಬಿಡಿಸಿ ಹಲ್ಲು ಎಣಿಸಬೇಕು, ಗೊರಸು ಎತ್ತಿ ನೋಡಬೇಕು, ಸುಳಿ ನೋಡಬೇಕು, ನಡೆಸಬೇಕು. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅವರ ಮಗನಾದ ನಾನು, ಬಿಇ ಓದಿದವನು, 4.75 ಲಕ್ಷದ ಹಳೇ ಕಾರನ್ನು ನಲವತ್ತು ನಿಮಿಷದಲ್ಲಿ ಕೊಂಡೆ. ಎಸಿ ತಣ್ಣಗಿತ್ತು, ಬ್ಲೂಟೂತ್ ಕನೆಕ್ಟ್ ಆಯ್ತು, ಕಾಫಿ ಕೊಟ್ಟರು. ಇನ್ನೇನು ಬೇಕು?

ಕ್ಲಚ್ ಯಾಕೋ ಗಟ್ಟಿ ಇದೆ ಅಂದೆ. "ಡೆಲಿವರಿ ಹೊತ್ತಿಗೆ ಮಾಡಿಸಿಕೊಡ್ತೀವಿ ಸಾರ್" ಅಂದರು. ಮಾಡಿಸಿದ್ದು ಏನಂದ್ರೆ, ಕೇಬಲ್ಲಿಗೆ ಒಂದಿಷ್ಟು ಗ್ರೀಸು. ಮೂರನೇ ವಾರ ನೆಲಮಂಗಲದ ಹತ್ತಿರ ಗಾಡಿ ನಿಂತಿತು. 14,000 ರೂಪಾಯಿ ಹೋಯಿತು. ಫೋನ್ ಮಾಡಿದರೆ, "ಇದ್ದ ಸ್ಥಿತಿಯಲ್ಲೇ ಒಪ್ಕೊಂಡಿದ್ದೀನಿ ಅಂತ ಸೈನ್ ಮಾಡಿದೀರಲ್ಲ ಸಾರ್!" ಅಪ್ಪ ಕೇಳಿದ್ದು ಒಂದೇ ಮಾತು: "ಸುಳಿ ನೋಡ್ಲಿಲ್ವೇನ್ಲಾ?"

ಮಾರುವವನನ್ನು ಬೈಯೋದು ಸುಲಭ. ನನ್ನ ಸಿಟ್ಟು ನಮ್ಮ ಮೇಲೇ. ಸೊಪ್ಪಿನಜ್ಜಿ ಹತ್ತಿರ ಐದು ರೂಪಾಯಿಗೆ ಜಗಳ ಆಡ್ತೀವಿ. ಗಾಜಿನ ಶೋರೂಮಿನಲ್ಲಿ ಬಾನೆಟ್ ಎತ್ತಿ ಅನ್ನೋಕೆ ಮುಜುಗರ. ಮಾರುವವನೇ ಬರೆದ ಇನ್ಸ್‌ಪೆಕ್ಷನ್ ರಿಪೋರ್ಟಿಗೆ ತಲೆ ಆಡಿಸ್ತೀವಿ. ಆಫೀಸಿನಲ್ಲಿ ಕೋಡ್ ಬರೆದವನೇ ಟೆಸ್ಟಿಂಗಿಗೂ ಸಹಿ ಹಾಕಿದರೆ ಬಿಡ್ತೀವಾ?

ನಿಮ್ಮದೇ ಮೆಕ್ಯಾನಿಕ್ಕನ್ನು ಕರಕೊಂಡು ಹೋಗಿ. ಅವರಿಗೆ ಅರ್ಧ ದಿನದ ಕೂಲಿ ಕೊಡೋಕೆ ಜಿಪುಣತನ ಮಾಡಬೇಡಿ. ಎಂಜಿನ್ ಬಿಸಿ ಮಾಡಿ ಇಟ್ಟಿರಬೇಡಿ ಅಂತ ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಬಂತಾ, ಆಯಿಲ್ ಸುಡ್ತಿದೆ. ಟೈರಿನ ಪಕ್ಕದಲ್ಲಿ 2319 ಅಂತ ಇದ್ದರೆ ಅದು 2019ರ 23ನೇ ವಾರದ ಮಾಲು. ಸೀಟ್ ಬೆಲ್ಟ್ ಕೊನೇವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಆ ಗಾಡಿ ನೀರಲ್ಲಿ ಮುಳುಗಿರಬಹುದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕಡೆ ಎಷ್ಟು ಕಾರು ತೇಲಿದವು ಅಂತ ನಾವೇ ವೀಡಿಯೋ ನೋಡಿದ್ದೀವಲ್ಲ, ಅವೆಲ್ಲಾ ಗುಜರಿಗೇ ಹೋದ್ವಾ?

ಇನ್ನು ರಿಪೇರಿ. "ಮಾಡಿಸಿಕೊಡ್ತೀವಿ" ಅನ್ನೋದನ್ನ ಒಪ್ಪಲೇಬೇಡಿ. ಕಾಸು ಎಣಿಸಿಕೊಂಡ ಮೇಲೆ ಅವರು ಹಾಕೋದು ಸಿಕ್ಕಿದ್ದರಲ್ಲಿ ಅಗ್ಗದ ಪಾರ್ಟು. ಒಂದೊಂದು ದೋಷಕ್ಕೂ ಗ್ಯಾರೇಜಿನಿಂದ ಎಸ್ಟಿಮೇಟ್ ಬರೆಸಿ, ಅಷ್ಟನ್ನೂ ರೇಟಿನಲ್ಲೇ ಕಡಿಮೆ ಮಾಡಿಸಿ, ರಿಪೇರಿ ನೀವೇ ಮಾಡಿಸಿಕೊಳ್ಳಿ. ಅವರೇ ಮಾಡಿಸ್ತೀವಿ ಅಂತ ಹಟ ಹಿಡಿದರೆ, ನಿಮ್ಮ ಮೆಕ್ಯಾನಿಕ್ ಇನ್ನೊಮ್ಮೆ ನೋಡೋವರೆಗೂ ಬಾಕಿ ದುಡ್ಡು ನಿಮ್ಮ ಜೇಬಲ್ಲೇ ಇರಲಿ. ಹಾಗಂತ ಬಂಪರಿನ ಗೀರಿಗೆಲ್ಲಾ ಹತ್ತು ಸಾವಿರ ಕೇಳೋದೂ ಮರ್ಯಾದೆಯಲ್ಲ, ಮಾರುವವನೂ ಬದುಕಬೇಕು. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ.

ಹೋದ ತಿಂಗಳು ತಮ್ಮನಿಗೊಂದು ಗಾಡಿ ನೋಡೋಕೆ ಅಪ್ಪನನ್ನೂ ಕರೆದೊಯ್ದೆ. ಮೀಟರ್ 31,000 ಕಿಲೋಮೀಟರ್ ತೋರಿಸ್ತಿತ್ತು. ಕಾರು ಓಡಿಸೋಕೆ ಬಾರದ ಅಪ್ಪ ಬಗ್ಗಿ ಬ್ರೇಕ್ ಪೆಡಲಿನ ರಬ್ಬರ್ ಮೇಲೆ ಬೆರಳಾಡಿಸಿದರು. ಗೀಟೆಲ್ಲಾ ಅಳಿಸಿ ನುಣ್ಣಗಾಗಿತ್ತು. "ಹಲ್ಲು ಸವೆದೈತೆ ಕಣಪ್ಪಾ, ವಯಸ್ಸು ಕಮ್ಮಿ ಹೇಳ್ತಾವ್ರೆ" ಅಂದರು.

ಶೋರೂಮಿನ ಹುಡುಗ ಮೀಟರ್ ಕಡೆ ನೋಡಲಿಲ್ಲ. "ಕಾಫಿ ತರಿಸ್ಲಾ ಸಾರ್?" ಅಂದ. ಅಪ್ಪ ಆಗಲೇ ಗೇಟು ದಾಟಿದ್ದರು.