ಹಾರ್ಮೋನ್ ಚಿಕಿತ್ಸೆ: ಚೌಕಟ್ಟು ತೆಗೆದರೂ ಪ್ರಶ್ನೆ ಉಳಿದಿದೆ

ಋತುಬಂಧದ ಹಾರ್ಮೋನ್ ಔಷಧಗಳ ಮಾಹಿತಿಪತ್ರದಲ್ಲಿ ಎರಡು ದಶಕಗಳಿಂದ ಅಚ್ಚಾಗುತ್ತಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಕೈಬಿಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ನವೆಂಬರ್‌ನಲ್ಲಿ ಮುಂದಾಯಿತು. ಸ್ತನ ಕ್ಯಾನ್ಸರ್, ಹೃದ್ರೋಗ ಮತ್ತು ಮರೆವಿನ ಕಾಯಿಲೆಯ ಕುರಿತ ಎಚ್ಚರಿಕೆಗಳನ್ನು ಚೌಕಟ್ಟಿನಿಂದ ತೆಗೆಯುವುದು ಅದರ ತೀರ್ಮಾನ. ಹಾಗಾದರೆ 2002ರಲ್ಲಿ ಹುಟ್ಟಿದ ಭಯ ಸುಳ್ಳಾಗಿತ್ತೇ? ಉತ್ತರ ಅಷ್ಟು ಸರಳವಲ್ಲ.

ಆ ವರ್ಷದ ಜುಲೈನಲ್ಲಿ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದ ಒಂದು ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅದರಲ್ಲಿದ್ದ 16,608 ಮಹಿಳೆಯರಿಗೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆ ಇಲ್ಲವೇ ಹುಸಿಮಾತ್ರೆ ನೀಡಲಾಗಿತ್ತು. ಔಷಧ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚೆಂಬ ಸುದ್ದಿ ಜಗತ್ತನ್ನು ಸುತ್ತಿತು. ಅದನ್ನೇ ಬೇರೆ ರೀತಿಯಲ್ಲಿ ಹೇಳುವುದಾದರೆ, ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ 30 ಇದ್ದ ಪ್ರಕರಣಗಳು 38ಕ್ಕೆ ಏರಿದ್ದವು. ಪಾಲ್ಗೊಂಡವರ ಸರಾಸರಿ ವಯಸ್ಸು 63 ಎಂಬುದು ಶೀರ್ಷಿಕೆಗಳಲ್ಲಿ ಕಾಣಲೇ ಇಲ್ಲ. ಬಿಸಿಯುಬ್ಬರದಿಂದ ನಿದ್ರೆಗೆಟ್ಟು ವೈದ್ಯರ ಬಳಿಗೆ ಹೋಗುವವರಾದರೋ ಐವತ್ತರ ಆಸುಪಾಸಿನವರು.

ಅಧ್ಯಯನದ ಇನ್ನೊಂದು ಭಾಗ ಇನ್ನೂ ವಿಚಿತ್ರ. ಗರ್ಭಕೋಶ ತೆಗೆಸಿಕೊಂಡಿದ್ದ 10,739 ಮಹಿಳೆಯರಿಗೆ ಸಂಬಂಧಿಸಿದ ಅದರಲ್ಲಿ ಔಷಧ ಗುಂಪಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡಲಾಗಿತ್ತು. ಇಪ್ಪತ್ತು ವರ್ಷಗಳ ಅನುಸರಣೆಯ ಬಳಿಕ 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಕಡಿಮೆ. ಅದರಿಂದಾದ ಸಾವುಗಳೂ ಕಡಿಮೆ.

ಕ್ಯಾನ್ಸರಿಗೆ ಗೊಬ್ಬರವೆಂದೇ ಖ್ಯಾತವಾದ ಈಸ್ಟ್ರೋಜೆನ್ ರಕ್ಷಣೆ ನೀಡುವುದೆಂತು? ಟಮಾಕ್ಸಿಫೆನ್ ಸಂಶೋಧನೆಗೆ ಹೆಸರಾದ ವಿ. ಕ್ರೇಗ್ ಜೋರ್ಡನ್ ಮುಂದಿಟ್ಟ ವಿವರಣೆ ಇದು: ವರ್ಷಗಟ್ಟಲೆ ಈಸ್ಟ್ರೋಜೆನ್ ಇಲ್ಲದೆ ಬದುಕಲು ಕಲಿತ ಕ್ಯಾನ್ಸರ್ ಕೋಶಗಳಿಗೆ ಅದು ಮರಳಿ ಸಿಕ್ಕಾಗ ಅವು ಬೆಳೆಯುವ ಬದಲು ಸಾಯುತ್ತವೆ. ಪ್ರೊಜೆಸ್ಟಿನ್ನಿನ ಕೆಲಸ ಬೇರೆ. ಅದು ತನ್ನ ಗ್ರಾಹಕಗಳುಳ್ಳ ಕೋಶಗಳಿಂದ ರಾಸಾಯನಿಕ ಸಂದೇಶ ಹೊರಡಿಸಿ, ನೆರೆಯ ಕೋಶಗಳು ವಿಭಜನೆಗೊಳ್ಳುವಂತೆ ಪ್ರಚೋದಿಸುತ್ತದೆ. ಆದರೆ ಗರ್ಭಕೋಶವಿರುವವರು ಅದನ್ನು ಬಿಡುವಂತಿಲ್ಲ. ಈಸ್ಟ್ರೋಜೆನ್ ಒಂದೇ ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಭಯ. ಆ ಎಚ್ಚರಿಕೆಯನ್ನು ಎಫ್‌ಡಿಎ ಕೂಡ ಉಳಿಸಿಕೊಂಡಿದೆ.

ಇಷ್ಟಾದರೂ ಈಸ್ಟ್ರೋಜೆನ್ ನಿರಪಾಯಕಾರಿ ಎಂದು ತೀರ್ಪು ಕೊಡುವುದು ಅವಸರವಾದೀತು. 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಬೃಹತ್ ವಿಶ್ಲೇಷಣೆ ಬೇರೆಯದೇ ಲೆಕ್ಕ ಕೊಟ್ಟಿತು. ಐವತ್ತನೇ ವಯಸ್ಸಿನಿಂದ ಐದು ವರ್ಷ ಜೋಡಿ ಹಾರ್ಮೋನನ್ನು ದಿನವೂ ಸೇವಿಸಿದರೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು ಐವತ್ತು ಮಹಿಳೆಯರಿಗೆ ಒಂದು ಹೆಚ್ಚುವರಿ ಪ್ರಕರಣ. ಈಸ್ಟ್ರೋಜೆನ್ ಮಾತ್ರವಾದರೆ ಸುಮಾರು ಇನ್ನೂರಕ್ಕೆ ಒಂದು. ಅದು ಬಳಕೆದಾರರನ್ನು ಗಮನಿಸಿದ ಅಧ್ಯಯನಗಳ ಮೊತ್ತವೇ ಹೊರತು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಅದರ ಮಹಿಳೆಯರು ಚಿಕಿತ್ಸೆ ಆರಂಭಿಸಿದ ವಯಸ್ಸು ನಿಜಬಳಕೆಗೆ ಹತ್ತಿರ.

ಯೋನಿಗೆ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೋಜೆನ್ ಮುಲಾಮಿನ ವಿಷಯದಲ್ಲಿ ಮಾತ್ರ ಎಫ್‌ಡಿಎ ತಡವಾಗಿ ಎಚ್ಚೆತ್ತಿದೆ ಎನ್ನಬೇಕು. ರಕ್ತಕ್ಕೆ ತೀರಾ ಕಡಿಮೆ ಸೇರುವ ಆ ಔಷಧಕ್ಕೂ ಮಾತ್ರೆಯ ಎಚ್ಚರಿಕೆಯನ್ನೇ ಅಂಟಿಸಲಾಗಿತ್ತು. ಮಾಹಿತಿಪತ್ರ ಓದಿ ಹೆದರಿ ಅದನ್ನು ಬಳಸದೆ ಉಳಿದವರು, ಹೇಳಿಕೊಳ್ಳಲಾಗದ ನೋವನ್ನು ವರ್ಷಗಟ್ಟಲೆ ಸಹಿಸಿಕೊಂಡರು.